ಗುಬ್ಬಿಯ ಪಕ್ಕದ ಸೀಟು

ಮಾರ್ಚ್ ೪

ಮಗಳೇ,

ಕಂಪನಿಯವರು ಕೊಟ್ಟ ಮಾತುಗಳು ಇವು. ಕಾರು ಸೋರುತ್ತದೋ ಎಂದು ನೋಡುವ ನೀರಿನ ಗೂಡಿನ ಹೊಗೆ ಎಳೆಯುವ ಫ್ಯಾನನ್ನು ರಿಪೇರಿ ಮಾಡಿಸುತ್ತೇವೆ ಎಂದರು. ಗೂಡಿನೊಳಗೆ ಹೋಗುವ ಕಾರಿನಲ್ಲಿ ಯಾವಾಗಲೂ ಇಬ್ಬರು ಕೂರುತ್ತಾರೆ, ಒಬ್ಬರನ್ನೇ ಕಳಿಸುವುದಿಲ್ಲ ಎಂದರು. ನಿಮ್ಮಪ್ಪನ ಸಾವು ಕೆಲಸದ ಮೇಲೆ ಆದ ಸಾವು ಎಂದು ಬರೆದುಕೊಡುತ್ತೇವೆ ಎಂದರು. ಕೊನೆಯದನ್ನು ಹೆಣದ ಮುಂದೆ ನಿಂತು ಮ್ಯಾನೇಜರೇ ಹೇಳಿದ್ದು, ನೀನೂ ಕೇಳಿಸಿಕೊಂಡಿದ್ದೀಯ.

ಇಲ್ಲವೆಂದ ಮಾತುಗಳು ಇವು. ಫ್ಯಾನು ಕೆಟ್ಟಿರಲೇ ಇಲ್ಲ. ಕೆಟ್ಟಿದೆ ಎಂದು ಯಾರೂ ಬಂದು ಹೇಳಿರಲಿಲ್ಲ. ಒಬ್ಬನೇ ಕೂರು ಎಂದು ಯಾರೂ ಹೇಳಲಿಲ್ಲ, ಆತನೇ ಕೂತ. ಕಾರಿನೊಳಗೆ ಸಾಯಲಿಲ್ಲ, ಆಸ್ಪತ್ರೆಯ ದಾರಿಯಲ್ಲಿ ಸತ್ತ. ಹೊಗೆಯಿಂದ ಅಲ್ಲ, ಹೃದಯದಿಂದ. ನಿಮ್ಮಪ್ಪನಿಗೆ ಹೃದಯ ಎಂಬುದೊಂದು ಇತ್ತು ಎಂದು ಕಂಪನಿ ಒಪ್ಪಿಕೊಂಡದ್ದು ಇದೇ ಮೊದಲು.

ಫೋನಿನಲ್ಲಿ ನಾವಿಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಅಳಲಿಕ್ಕಲ್ಲ. ಅಳು ಬರುತ್ತಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆ ಕೆನ್ನೆಯ ಹಾಗೆ ಇದ್ದೇನೆ. ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಸುದ್ದಿ ಏನೆಂದರೆ, ಕಾರಿನ ಬಟ್ಟೆಯ ಟಾಪು ಹೊಲಿಯುವ ಹಾಲ್‌ನಿಂದ ನನ್ನನ್ನು ಎಬ್ಬಿಸಿ ಮತ್ತೆ ಗೂಡಿಗೆ ಹಾಕಿದ್ದಾರೆ. ನಿಮ್ಮಪ್ಪ ಕೂರುತ್ತಿದ್ದ ಸೀಟಿಗೆ. ಒಬ್ಬಳನ್ನೇ. "ಅನುಭವ ಇರೋಳು ನೀನೇ ಅಲ್ವೇನಮ್ಮಾ" ಎಂದ ಗಡಿಯಾರ. ನಮ್ಮ ಸೂಪರ್‌ವೈಸರನಿಗೆ ನಾವಿಟ್ಟ ಹೆಸರು, ನಿನಗೆ ನೆನಪಿರಬೇಕು. ಆತ ಮನುಷ್ಯರ ಮುಖ ನೋಡುವುದಿಲ್ಲ, ಮಣಿಕಟ್ಟು ನೋಡಿಕೊಳ್ಳುತ್ತಾನೆ. ನಾನು ಬೇಡವೆಂದರೆ ಹೊಸಬರನ್ನು ಕೂರಿಸುತ್ತಾರೆ. ತಲೆ ಭಾರವಾದ ಕೂಡಲೇ ಎಂಜಿನ್ ಆರಿಸಬೇಕೆಂದು ಹೊಸಬರಿಗೆ ಯಾರು ಹೇಳುತ್ತಾರೆ? ಹೂಂ ಎಂದೆ.

ಇನ್ನೊಂದು ಸುದ್ದಿ. ನಿನ್ನ ಪತ್ರಿಕೆ ನಮ್ಮ ಗುಬ್ಬಿ ಕಾರನ್ನೂ ಆ ಕಡೆ ಕಂಪನಿಯ ಮಿಡತೆಯನ್ನೂ ಅಕ್ಕಪಕ್ಕ ನಿಲ್ಲಿಸಿ ತೀರ್ಪು ಕೊಡುತ್ತದಂತೆ, ಬರೆಯುವವಳು ನೀನಂತೆ. ಎರಡೂ ಎರಡು ಸೀಟಿನವು, ಎರಡೂ ಟಾಪು ಮಡಚುವಂಥವು, ಕೊಳ್ಳುವವರೂ ಅದೇ ಜನ. ನಿನ್ನ ತೀರ್ಪು ನೋಡಿ ವರ್ಷದ ಆರ್ಡರು ಅತ್ತಲೋ ಇತ್ತಲೋ ವಾಲುತ್ತದಂತೆ. ಗಡಿಯಾರ ಟೀ ಹೊತ್ತಿನಲ್ಲಿ ಬಂದು, ನಾನು ಕೇಳದೆಯೇ ಹೇಳಿದ: "ಗುಬ್ಬಿ ಗೆದ್ರೆ ಗೂಡಿಗೆ ಎರಡನೇ ಆಳು ವಾಪಸ್. ಮ್ಯಾನೇಜರ್ ಸಾಹೇಬ್ರೇ ಹೇಳಿದ್ದಾರೆ. ಮಗಳಿಗೆ ಒಂದು ಮಾತು ಹಾಕು."

ಹಾಕಿದ್ದೇನೆ. ಅದು ಅವರ ಮಾತು. ನನ್ನ ಮಾತು ಇದರಲ್ಲಿ ಯಾವುದೂ ಇಲ್ಲ.

ಇಂತಿ,
ಅಮ್ಮ


ಮಾರ್ಚ್ ೧೯

ಅಮ್ಮ,

ನಿನ್ನ ಪತ್ರ ಆಫೀಸಿಗೇ ಬಂತು. ಮೇಜಿನ ಕೆಳಗೆ ಪರೀಕ್ಷೆಗೆಂದು ಬಂದ ಟೈರುಗಳನ್ನು ಒಟ್ಟಿದ್ದಾರೆ, ಅವುಗಳ ಮೇಲೆ ಕಾಲಿಟ್ಟುಕೊಂಡು ಓದಿದೆ. ನೀನು ಮತ್ತೆ ಗೂಡಿಗೆ ಹೋದದ್ದನ್ನು ಓದಿ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡು ಕಾರು ಓಡಿಸಲು ಹೋದೆ.

ಮೊದಲು ಮಿಡತೆ. ಗುಂಡಿ ಒತ್ತಿದರೆ ಟಾಪು ತಾನೇ ಎದ್ದು, ಮಡಚಿಕೊಂಡು, ಹಿಂದಿನ ಡಿಕ್ಕಿಯಲ್ಲಿ ಮಲಗುತ್ತದೆ. ಸಿಗ್ನಲ್ಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಎಂಜಿನ್ ದೊಡ್ಡದು. ಕಾಲಿಟ್ಟರೆ ಬೆನ್ನನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ. ತಿರುವಿನಲ್ಲಿ ಮಾತ್ರ ಅದರ ಮೂಗು ಹೊರಗೆ ಹೋಗಲು ನೋಡುತ್ತದೆ, ತೂಕದವರು ಮೆಟ್ಟಿಲು ಇಳಿಯುವ ಹಾಗೆ ಒಂದು ತಡವರಿಕೆ. ಸ್ಟೀರಿಂಗು ಏನೂ ಹೇಳುವುದಿಲ್ಲ. ರಸ್ತೆ ಒದ್ದೆಯೋ ಒಣಗಿದೆಯೋ ಕಣ್ಣಿನಿಂದಲೇ ತಿಳಿಯಬೇಕು.

ಆಮೇಲೆ ಗುಬ್ಬಿ. ಟಾಪು ಕೈಯಿಂದಲೇ ತೆಗೆಯಬೇಕು. ನಡುವಿನ ಹಿಡಿ ಎಳೆದು, ಕೂತಲ್ಲಿಂದಲೇ ಹಿಂದಕ್ಕೆ ಎಸೆದೆ. ಬಟ್ಟೆ ಮಡಿಕೆಗೆ ಬಿದ್ದ ಸದ್ದು ಚಿಕ್ಕಂದಿನಲ್ಲಿ ನೀನು ಹಾಸಿಗೆ ಕೊಡವುತ್ತಿದ್ದ ಸದ್ದಿನ ಹಾಗೇ ಇತ್ತು. ಎಂಜಿನ್ ಸಣ್ಣದು, ನೇರ ರಸ್ತೆಯಲ್ಲಿ ಮಿಡತೆಯ ಹಿಂದೆ ಧೂಳು ತಿನ್ನುತ್ತದೆ. ಆದರೆ ಗೇರು ಬೆರಳಿನಷ್ಟು ಸರಿಸಿದರೆ ಸಾಕು, ಬೀಳುತ್ತದೆ. ತಿರುವಿಗೆ ಹೋಗೋಣ ಎಂದು ಯೋಚಿಸುವಷ್ಟರಲ್ಲಿ ಹೋಗಿರುತ್ತದೆ. ಕೆಳಗೆ ಯಾವ ಕಲ್ಲು ಸಿಕ್ಕಿತು ಎಂದು ಅಂಗೈಗೆ ಹೇಳುತ್ತದೆ.

ಇದನ್ನೆಲ್ಲ ಅಂಗೈ ತಿಳಿದುಕೊಂಡಿತು ಅಮ್ಮ, ನಾನು ತಿಳಿದುಕೊಳ್ಳಲಿಲ್ಲ. ಪರೀಕ್ಷೆಯ ಮೈದಾನದಲ್ಲಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಕೋನೊಂದನ್ನು ಗುದ್ದಿ, ಅದನ್ನು ಎಳೆದುಕೊಂಡೇ ಇನ್ನೊಂದು ಸುತ್ತು ಹೊಡೆದೆನಂತೆ. ಫೋಟೊ ತೆಗೆಯುವವನು ಕೈ ಬೀಸಿ ನಿಲ್ಲಿಸಿದ. ಆಫೀಸಿಗೆ ಬಂದರೆ ಸಂಪಾದಕರು, "ಏನಮ್ಮಾ, ಸ್ಪೋರ್ಟ್ಸ್ ಕಾರಲ್ಲಿ ಬಂದ್ಯೋ ಬಸ್ಸಲ್ಲಿ ಬಂದ್ಯೋ? ಮುಖ ನೋಡಿದ್ರೆ ಬಸ್ಸು, ಅದೂ ನಿಂತ್ಕೊಂಡು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಪ್ಪನ ವಿಷಯ ಅವರಿಗೆ ಗೊತ್ತು. ಗೊತ್ತಿದ್ದೇ ನನಗೆ ಈ ಕೆಲಸ ಕೊಟ್ಟರು. "ಕಾರ್ಖಾನೆ ಮನೆ ಮಗಳು ಬರೆದ ತೀರ್ಪು ಅಂದ್ರೆ ಓದುಗರು ಬಿಡಲ್ಲ" ಎಂದರು.

ಗುಬ್ಬಿ ಒಳ್ಳೆಯ ಕಾರು ಅಮ್ಮ. ನೀವಿಬ್ಬರೂ ಅಲ್ಲಿ ದುಡಿಯದಿದ್ದರೂ ಗುಬ್ಬಿಯನ್ನೇ ಆರಿಸುತ್ತಿದ್ದೆ. ಕಂಪನಿ ಕೇಳಿದ್ದೂ ಅದೇ, ನಿಜವೂ ಅದೇ. ಇಷ್ಟು ಸುಲಭವಾಗಿ ನಿನಗೆ ಎರಡನೇ ಆಳು ಸಿಕ್ಕಿಬಿಡುತ್ತಾರೆ ಎಂದು ಖುಷಿಪಡಬೇಕೋ ಏನೋ. ನೀರಿನ ಪರೀಕ್ಷೆಯೊಂದು ಬಾಕಿ ಇದೆ. ಗುಬ್ಬಿಗೆ ಅದು ಲೆಕ್ಕವೇ ಅಲ್ಲ, ಬಿಡು.

ನಿನ್ನ ತಲೆನೋವು ಹೇಗಿದೆ? ಅದನ್ನು ನೀನು ಬರೆಯಲೇ ಇಲ್ಲ.

ನಿನ್ನ
ಮಗಳು


ಏಪ್ರಿಲ್ ೨

ಮಗಳೇ,

ತಲೆನೋವು ಇದೆ. ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಬರಲಿ, ಬಂದರೆ ಬದುಕಿದ್ದೇನೆ ಅಂತ ಗೊತ್ತಾಗುತ್ತದೆ.

ಫ್ಯಾನಿನ ಕೆಲಸ ಮುಗಿಯಿತು. ಮೊನ್ನೆ ಇಬ್ಬರು ಬಂದು ಏಣಿ ಹಾಕಿದರು. ಹೊಲಿಗೆ ಹಾಲಿನ ಹೆಂಗಸರೆಲ್ಲ ಮಶಿನ್ ಬಿಟ್ಟು ನೋಡಿದರು. ಅವರು ಫ್ಯಾನಿಗೆ ಹಸಿರು ಬಣ್ಣ ಬಳಿದು ಇಳಿದು ಹೋದರು. ತಿರುಗುವುದು ಮೊದಲಿನಷ್ಟೇ, ಅಂದರೆ ತಿರುಗುವುದಿಲ್ಲ. ದಾರದಕ್ಕ, ಅದೇ, ನನ್ನ ಪಕ್ಕದ ಮಶಿನ್ನಿನವಳು, ಬಾಯಲ್ಲಿ ಸದಾ ಒಂದು ತುಂಡು ದಾರ ಕಚ್ಚಿಕೊಂಡಿರುತ್ತಾಳಲ್ಲ, ಅವಳು ಗಡಿಯಾರನಿಗೆ ಕೇಳುವ ಹಾಗೇ ಹೇಳಿದಳು: "ಅಕ್ಕಾ, ಇನ್ನೇನು ಯೋಚನೆ ಇಲ್ಲ ಬಿಡು. ಸತ್ತರೂ ಹಸಿರು ನೋಡ್ಕೊಂಡೇ ಸಾಯಬಹುದು."

ಗಡಿಯಾರ ದಿನಾ ಕೇಳುತ್ತಾನೆ. "ಮಗಳು ಏನಂದ್ಲು?"

"ಕಾರು ಚೆನ್ನಾಗಿದೆ ಅಂದ್ಲು."

"ಯಾವ ಕಾರು?"

"ಎರಡೂ ಅಂತೆ. ಒಂದು ಹೋಗತ್ತೆ, ಇನ್ನೊಂದು ಬರತ್ತೆ."

ನಮ್ಮ ಗೂಡಿನ ಕೆಲಸ ನೀನು ಯಾವತ್ತೂ ಒಳಗೆ ಬಂದು ನೋಡಿಲ್ಲ. ಹೇಳುತ್ತೇನೆ. ಕಾರು ಒಳಗೆ ಹೋದಮೇಲೆ ಹಿಂದೆ ಮುಂದೆ ಎರಡೂ ಬಾಗಿಲು ಮುಚ್ಚುತ್ತವೆ. ನೀರು ಮೇಲಿಂದ, ಪಕ್ಕದಿಂದ, ಕೆಳಗಿನಿಂದ ಹೊಡೆಯುತ್ತದೆ. ಎಂಜಿನ್ ಚಾಲೂ ಇರಬೇಕು, ವೈಪರೂ ಒಳಗಿನ ಬ್ಲೋವರೂ ಓಡುತ್ತಿರಬೇಕು. ಟಾಪಿನ ಅಂಚಿಗೆ, ಗಾಜಿನ ರಬ್ಬರಿಗೆ ಅಂಗೈ ಸವರುತ್ತಾ ಹೋಗಬೇಕು. ಕಣ್ಣಿಗೆ ಕಾಣುವ ಮೊದಲೇ ತೇವ ಅಂಗೈಗೆ ಸಿಗುತ್ತದೆ. ಸ್ಟೀರಿಂಗ್ ಕಡೆ ನಿಮ್ಮಪ್ಪ, ಪಕ್ಕದ ಕಡೆ ನಾನು. ನಮ್ಮಲ್ಲಿ ಒಂದು ರೂಢಿ ಇತ್ತು, ಗೂಡಿನ ಜೋಡಿಗಳಿಗೆಲ್ಲ ಇದ್ದದ್ದೇ: ಒಬ್ಬರ ಕಡೆಗೆ ಇನ್ನೊಬ್ಬರು ಕೈ ಚಾಚುವಂತಿಲ್ಲ. ಚಾಚಿದರೆ ನಿನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಅರ್ಥ. ಮನೆಯಲ್ಲಿ ಜಗಳ ಆಡಿ ಬಂದ ದಿನವೂ ಆ ಗೆರೆ ದಾಟಿದವರಲ್ಲ.

ನಿಮ್ಮಪ್ಪ ಅನ್ನುತ್ತಿದ್ದರು, "ಈ ಊರಲ್ಲಿ ದಿನಾ ಹೆಂಡತಿ ಜತೆ ಸ್ಪೋರ್ಟ್ಸ್ ಕಾರಲ್ಲಿ ಕೂರೋ ಗಂಡ ನಾನೊಬ್ಬನೇ ಕಣೇ. ಅದೂ ಮಳೇಲಿ." ರಸ್ತೆಯ ಮೇಲೆ ಮಾತ್ರ ಒಂದು ದಿನವೂ ಕೂರಲಿಲ್ಲ.

ಮಿಡತೆಗೆ ಪೈಪೋಟಿ ಕೊಡಬೇಕು, ಟಾಪು ಹೆಚ್ಚು ಬೇಕು ಎಂದು ನನ್ನನ್ನು ಹೊಲಿಗೆಗೆ ಎಳೆದುಕೊಂಡರು. ಗೂಡಿಗೆ ಒಬ್ಬರು ಸಾಕೆಂದರು. ಆ ದಿನ ನೀರು ನಿಂತ ಮೇಲೂ ಕಾರು ಹೊರಗೆ ಬರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನನಗೆ ಹೊಲಿಗೆ ಹಾಲಿನಲ್ಲಿ ಕೇಳಿಸಿತು. ಯಾರಪ್ಪಾ ಇಷ್ಟು ಅವಸರದವನು ಅಂದುಕೊಂಡು ದಾರ ಕತ್ತರಿಸಿದೆ.

ಇಷ್ಟೇ. ನೀನು ಊಟ ಬಿಡಬೇಡ.

ಇಂತಿ,
ಅಮ್ಮ


ಏಪ್ರಿಲ್ ೧೧

ಅಮ್ಮ,

ಪೆಟ್ರೋಲ್ ಬಂಕಿನ ಹಿಂದೆ ಕಾರು ತೊಳೆಯುವ ಮಶಿನ್ನಿದೆ. ನೀರಿನ ಪರೀಕ್ಷೆ ಅಲ್ಲೇ ಮಾಡಿದೆ. ಮೊದಲು ಮಿಡತೆ, ಒಳಗೆಲ್ಲ ಒಣಗಿದ ಬಟ್ಟೆಯಂತಿತ್ತು. ಆಮೇಲೆ ಗುಬ್ಬಿ. ಪತ್ರಿಕೆಯವರು ಸಾಮಾನ್ಯವಾಗಿ ಸ್ಟೀರಿಂಗ್ ಹಿಂದೆ ಕೂತು ನೋಡಿ ಎದ್ದುಬಿಡುತ್ತಾರೆ. ನಾನು ಫೋಟೊದವನನ್ನು ಅಲ್ಲಿ ಕೂರಿಸಿ ಪಕ್ಕದ ಸೀಟಿನಲ್ಲಿ ಕೂತೆ. ನೀನು ಕೂರುತ್ತಿದ್ದ ಸೀಟು ಹೇಗಿರುತ್ತದೆ ಅಂತ.

ಅಂಗೈ ಸವರಿದೆ. ಗಾಜಿನ ಮುಂದಿನ ಕೆಳಮೂಲೆಯಲ್ಲಿ ತೇವ. ಆಮೇಲೆ ಹನಿ. ಆಮೇಲೆ ಮೊಣಕಾಲಿನ ಮೇಲೆ ಒಂದೇ ಸಮನೆ ತೊಟ್ಟಿಕ್ಕತೊಡಗಿತು. ಡ್ರೈವರನ ಕಡೆ ಒಂದು ಹನಿ ಇಲ್ಲ. ಕಂಪನಿಗೆ ಹೇಳಿ ಇನ್ನೊಂದು ಗುಬ್ಬಿ ತರಿಸಿದೆ, ಕಾರಣ ಹೇಳಲಿಲ್ಲ. ಅದೂ ಹಾಗೇ. ಅದೇ ಮೂಲೆ, ಅದೇ ಮೊಣಕಾಲು.

ಎರಡೂ ನೀನು ಒಬ್ಬಳೇ ಕೂತು ಪಾಸು ಮಾಡಿದ ಕಾರುಗಳು. ನಿನಗೆ ಗೊತ್ತಾಗಲಿಲ್ಲವೋ, ಗೊತ್ತಿದ್ದೂ ಬಿಟ್ಟೆಯೋ?

ಬರೆದರೆ ಗುಬ್ಬಿ ಸೋಲುತ್ತದೆ, ಎರಡನೇ ಆಳು ಬರುವುದಿಲ್ಲ, ಮೊದಲು ಕೈ ಇಡುವುದು ನಿನ್ನ ಕೊರಳಿಗೇ. ಬರೆಯದಿದ್ದರೆ ಗುಬ್ಬಿ ಗೆಲ್ಲುತ್ತದೆ, ನಿನ್ನ ಪಕ್ಕ ಒಬ್ಬರು ಕೂರುತ್ತಾರೆ, ನೀನು ಉಳಿಯುತ್ತೀಯ. ಒಂದು ಮೂಲೆಯ ನೀರು ತಾನೇ. ಓದುಗರಲ್ಲಿ ಯಾರೂ ನನ್ನ ಹಾಗೆ ಕೂತು ಸವರುವುದಿಲ್ಲ. ಸಂಪಾದಕರಿಗೂ ಇನ್ನೂ ಹೇಳಿಲ್ಲ, ಫೋಟೊದವನು ಬಾಯಿಬಿಡುವವನಲ್ಲ.

ಮುಚ್ಚಿಡಲಾ? ಹೇಳು. ನನ್ನ ಮನೆಯಲ್ಲಿ ಇನ್ನು ಉಳಿದಿರುವುದು ನೀನೊಬ್ಬಳು.

ಮಗಳು


ಏಪ್ರಿಲ್ ೧೮

ಮಗಳೇ,

ಗೊತ್ತಿತ್ತು.

ಮೊದಲ ದಿನವೇ ಗಡಿಯಾರನಿಗೆ ಎಲ್ಲರೆದುರು ಹೇಳಿದೆ. "ಈ ಸೀಟಿಂದ ಆ ಮೂಲೆಗೆ ಕೈ ಹೋಗಲ್ಲ. ನಾನು ಈ ಕಡೆ ಮಾತ್ರ ನೋಡಿದ್ದೀನಿ." ಆತ ಅಂದದ್ದು: "ಓಡಿಸೋನು ನೆನೀದಿದ್ರೆ ಸಾಕು. ದುಡ್ಡು ಕೊಡೋನು ಅವನೇ ತಾನೇ?" ಆಮೇಲೆ ದಿನಾ ಹೇಳಿದೆ. ದಿನಾ ಪಾಸು ಮುದ್ರೆ ಒತ್ತು ಎಂದ. ಒತ್ತಿದೆ.

ಸುಳ್ಳು ಹೇಳುವುದಿಲ್ಲ. ಸೀಟಿನ ಮೇಲೆ ಮೊಣಕಾಲೂರಿ ಆ ಕಡೆಗೆ ಹೊರಳಿದರೆ ಮೂಲೆ ಸಿಗುತ್ತದೆ. ನಾನು ಹೊರಳಲಿಲ್ಲ. ಮೊದಲ ಸಲ ಹೊರಳಲು ನೋಡಿದೆ. ಪಕ್ಕದ ಸೀಟು ಖಾಲಿ ಇತ್ತು, ಅದು ನನ್ನದೇ ಸೀಟು. ನಾನು ಕೂತಿರುವುದು ಅವರ ಸೀಟು. ಅವರ ಜಾಗದಲ್ಲಿ ಕೂತು ನನ್ನ ಕಡೆಗೆ ಕೈ ಚಾಚಿದರೆ, ಅವರು ನನ್ನ ಕೆಲಸ ನಂಬದೆ ಕೈ ಚಾಚಿದ ಹಾಗೆ ಆಗುತ್ತದೆ. ನಗಬೇಡ. ಕೈ ಹೋಗಲಿಲ್ಲ. ಅಲ್ಲೇ ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ಗೂಡು ದಾಟಿದ ಗುಬ್ಬಿಗಳಿಗೆಲ್ಲ ಅರ್ಧ ಪರೀಕ್ಷೆ ಆಗಿದೆ.

ಕಂಪನಿ ಇದನ್ನು ನನ್ನ ತಪ್ಪು ಅನ್ನುತ್ತದೆ. ಅನ್ನಲಿ. ಒಬ್ಬಳ ಕೈಯಲ್ಲಿ ಇಬ್ಬರ ಕೆಲಸ ಮಾಡಿಸಿ, ಅರ್ಧ ಉಳಿದರೆ ಆ ಅರ್ಧ ಯಾರದ್ದು? ನನ್ನ ಕೈ ನಿಂತದ್ದು ದುಃಖಕ್ಕೆ ಇರಬಹುದು. ಕೈಗೆ ಕೈ ಜೋಡಿಸಲು ಪಕ್ಕದಲ್ಲಿ ಯಾರೂ ಇಲ್ಲದಂತೆ ಮಾಡಿದ್ದು ದುಃಖ ಅಲ್ಲ, ಲಾಭ.

ಈಗ ನಿನ್ನ ಪ್ರಶ್ನೆ. ನೀನು ಮುಚ್ಚಿಟ್ಟು, ಗುಬ್ಬಿ ಗೆದ್ದು, ಅವರು ಒಬ್ಬಳನ್ನು ತಂದು ನನ್ನ ಪಕ್ಕ ಕೂರಿಸಿದರು ಅಂತ ಇಟ್ಟುಕೋ. ಅದು ಬಹುಮಾನ. ಬಹುಮಾನ ಕೊಟ್ಟವರು ಮುಂದಿನ ಸಲ ಸೋತಾಗ ಕಿತ್ತುಕೊಳ್ಳುತ್ತಾರೆ. ಗೂಡಿನಲ್ಲಿ ಇಬ್ಬರು ಕೂರಬೇಕಾದದ್ದು ಗುಬ್ಬಿ ಗೆದ್ದದ್ದಕ್ಕಲ್ಲ. ಒಬ್ಬರೇ ಕೂತರೆ ಸಾಯುತ್ತಾರೆ, ಅದಕ್ಕೆ. ಇದನ್ನು ಬೇಡಿ ತೆಗೆದುಕೊಳ್ಳಲು ನಿಮ್ಮಪ್ಪನ ಹೆಣವನ್ನು ನಾನು ಸುಡಲಿಲ್ಲ.

ಬರೆ. ನೀರು ಬರೆ. ನೀರು ಯಾಕೆ ಬಂತು ಎಂದೂ ಬರೆ. ಒಂದನ್ನು ಬರೆದು ಇನ್ನೊಂದನ್ನು ಬಿಡಬೇಡ.

ನನ್ನನ್ನು ಉಳಿಸಲು ಕಾರು ಆರಿಸಬೇಡ. ನಿನ್ನ ಅಂಗೈಗೆ ಏನು ಸಿಕ್ಕಿತೋ ಅದನ್ನು ಆರಿಸು. ಆ ಅಂಗೈ ನಮ್ಮಿಬ್ಬರದ್ದು.

ಇಂತಿ,
ಅಮ್ಮ


ಮೇ ೬

ಅಮ್ಮ,

ಮಿಡತೆ ಎಂದು ಬರೆದೆ.

ಓಡಿಸುವುದರಲ್ಲಿ ಗುಬ್ಬಿಯೇ ಮೇಲು ಎಂದು ಮೊದಲು ಬರೆದೆ, ತಿರುವು ತಿರುವನ್ನೂ ಬಿಡಿಸಿ. ಆಮೇಲೆ ನೀರು. "ಪಕ್ಕದಲ್ಲಿ ಕೂತವರನ್ನು ನೆನೆಸುವ ಎರಡು ಸೀಟಿನ ಕಾರು ಒಂದು ಸೀಟಿನ ಕಾರು" ಎಂದು ಬರೆದೆ. ಅದರ ಕೆಳಗೆ ಕಾರಣ: ಗೂಡು, ಕೆಟ್ಟ ಫ್ಯಾನು, ಕಿತ್ತುಹಾಕಿದ ಎರಡನೇ ಆಳು, ಅಪ್ಪ. ಅಪ್ಪನನ್ನು "ಸ್ಟೀರಿಂಗ್ ಕಡೆಯ ಕೆಲಸಗಾರ" ಎಂದಷ್ಟೇ ಬರೆದೆ. ಬರೆದು ಮುಗಿಸಿ, ಎದ್ದು ಹೋಗಿ ಟೀ ಕುಡಿದೆ. ಕುಡಿಯಲಾಗದೆ ಹೋಗಿದ್ದರೆ ಚೆನ್ನಾಗಿತ್ತು.

ಸಂಪಾದಕರು ಒಂದು ಸೀಟಿನ ಸಾಲಿಗೆ ಮೇಜು ಗುದ್ದಿ ಭೇಷ್ ಎಂದರು. ಕೆಳಗಿನದನ್ನು ಓದಿ ಕನ್ನಡಕ ತೆಗೆದರು.

"ಇದು ಕಾರಿನ ಪತ್ರಿಕೆ ಕಣಮ್ಮಾ, ಮುಷ್ಕರದ ಕರಪತ್ರ ಅಲ್ಲ."

"ನೀರು ಕಾರಿನದೋ ಮುಷ್ಕರದ್ದೋ ಸಾರ್?"

"ನೀರು ಕಾರಿನದು. ಫ್ಯಾನು ನಿಮ್ಮಮ್ಮಂದು."

"ಹಾಗಾದ್ರೆ ಎರಡೂ ತೆಗೀರಿ."

"ನೀರು ತೆಗೆದ್ರೆ ನಾಳೆ ಓದುಗ ನನ್ನ ಬೈತಾನೆ. ಫ್ಯಾನು ತೆಗೆದ್ರೆ ಯಾರು ಬೈತಾರೆ ಹೇಳು?"

"ನಾನು ಬೈತೀನಿ."

"ನೀನು ಸಂಬಳದವಳು" ಎಂದರು. ಕೋಪದಿಂದಲ್ಲ, ಇಂದು ವಾರ ಯಾವುದು ಎಂದು ಹೇಳುವ ಹಾಗೆ.

ಕೆಳಗಿನದು ಹೋಗುವುದಾದರೆ ನನ್ನ ಹೆಸರೂ ಹೋಗಲಿ ಎಂದೆ. ಸರಿ ಎಂದರು. ಸಂಚಿಕೆ ಬಂದಿದೆ. ಮಿಡತೆ ಗೆದ್ದಿದೆ. ಬರೆದವರ ಹೆಸರಿಲ್ಲ. ನೀರಿದೆ, ಕಾರಣವಿಲ್ಲ. ನೀನು ಏನು ಮಾಡಬೇಡ ಎಂದೆಯೋ ಅದೇ ಆಗಿದೆ. ಕಾರು ಪರೀಕ್ಷೆಯಿಂದ ನನ್ನನ್ನು ತೆಗೆದು, ಓದುಗರ ಪತ್ರ ತಿದ್ದುವ ಮೇಜಿಗೆ ಹಾಕಿದ್ದಾರೆ. ಗುಬ್ಬಿಗಳಲ್ಲಿ ಒಂದನ್ನು ಕಂಪನಿ ಇನ್ನೂ ಒಯ್ದಿಲ್ಲ. ಮನೆಯ ಕೆಳಗೆ ನಿಂತಿದೆ. ಅದರ ಬೀಗದ ಕೈ ನನ್ನ ಹತ್ತಿರ ಇದೆ.

ನಿನಗೆ ಏನಾಯಿತು ಎಂದು ಕೇಳಲು ಧೈರ್ಯ ಇಲ್ಲ. ಆದರೂ ಬರೆ.

ಮಗಳು


ಮೇ ೨೧

ಮಗಳೇ,

ಸಸ್ಪೆಂಡ್ ಆಯಿತು. ಅಜಾಗರೂಕತೆ, ಕಂಪನಿಯ ಹೆಸರಿಗೆ ಕಳಂಕ, ಇನ್ನೂ ಏನೇನೋ. ಸಂಚಿಕೆ ಬಂದ ಬೆಳಿಗ್ಗೆಯೇ. ಗಡಿಯಾರ ನನ್ನ ಮುಖ ನೋಡಿದ, ಅಷ್ಟು ವರ್ಷದಲ್ಲಿ ಮೊದಲ ಬಾರಿ. "ಮಗಳೇ ಮುಳುಗಿಸಿದ್ಲಲ್ಲಮ್ಮಾ" ಎಂದ. "ಮುಳುಗಿಸಿದ್ದಲ್ಲ, ನೆನೆಸಿದ್ಲು" ಎಂದೆ. ಚೀಲ ತೆಗೆದುಕೊಂಡು ಹೊರಗೆ ಬಂದೆ.

ನೀನು ಏನೂ ಕೆಡಿಸಿಲ್ಲ. ಕಾರಣ ಅಲ್ಲಿ ಅಚ್ಚಾಗದಿದ್ದರೆ ಇಲ್ಲಿ ಆಗುತ್ತದೆ. ಕೇಳು, ದಾರದಕ್ಕ ಮನೆಗೆ ಬಂದು ಹೇಳಿದ್ದು.

ನನ್ನ ಬದಲಿಗೆ ಅವಳನ್ನು ಗೂಡಿಗೆ ಕಳಿಸಿದರು. ಅವಳು ಹೋದಳು, ಬಾಗಿಲು ತೆಗೆದಳು, ಪಕ್ಕದ ಸೀಟಿನಲ್ಲಿ ಕೂತಳು. ಕೈ ಕಟ್ಟಿಕೊಂಡು. ಗಡಿಯಾರ ಬಂದು, "ಏ, ಆ ಕಡೆ ಕೂತ್ಕೊ, ಗಾಡಿ ಸ್ಟಾರ್ಟ್ ಮಾಡು" ಎಂದ. ಇವಳು ಬಾಯಿಂದ ದಾರ ತೆಗೆದು, "ನಾನು ಈ ಕಡೆಯೋಳು ಸಾರ್. ಆ ಕಡೆಯೋರನ್ನ ಕಳಿಸಿ" ಎಂದಳು. ಅವಳನ್ನು ಇಳಿಸಿ ಇನ್ನೊಬ್ಬಳನ್ನು ಕರೆದರು. ಅವಳೂ ಬಂದು ಪಕ್ಕದ ಸೀಟಿನಲ್ಲೇ ಕೂತಳು. "ನಾನೂ ಈ ಕಡೆಯೋಳೇ." ಮತ್ತೊಬ್ಬಳು. ಮತ್ತೊಬ್ಬಳು. ಟಾಪು ಹಾಲಿನ ಹೆಂಗಸರೆಲ್ಲ ಪಕ್ಕದ ಸೀಟಿನ ಕಡೆಯವರೇ ಆಗಿಬಿಟ್ಟರು ಕಣೇ. ಕೊನೆಗೆ ಗಂಡಸರನ್ನು ಕರೆದರೆ, ಬಂಪರ್ ಕೂರಿಸುವ ದಪ್ಪನೆಯವನೂ ಬಂದು ಕಷ್ಟಪಟ್ಟು ಅದೇ ಸೀಟಿನಲ್ಲಿ ತುರುಕಿಕೊಂಡು, "ನನಗೆ ಡ್ರೈವಿಂಗೇ ಬರಲ್ಲ ಸಾರ್, ಹೆಂಡತಿ ಓಡಿಸಲಿ" ಎಂದನಂತೆ. ಲೈನಿಗೆ ಲೈನೇ ನಿಂತಿತು. ದಾರದಕ್ಕ ಹೇಳುತ್ತಾ ನಕ್ಕಳು. ನನಗೂ ನಗು ಬಂತು. ಬಂದದ್ದು ಎದೆಯಲ್ಲಿ ಎಲ್ಲಿಗೋ ತಗುಲಿ ನೋವಾಯಿತು. ಬಹಳ ದಿನದ ಮೇಲೆ ಆದ ನೋವು.

ಲೈನು ನಿಂತಮೇಲೆ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದರು. ನಿಮ್ಮಪ್ಪ ಸತ್ತಾಗ ಬಾರದವರು ಗುಬ್ಬಿ ನಿಂತಾಗ ಬಂದರು. ಇರಲಿ, ಬಂದರಲ್ಲ. ವಿಚಾರಣೆ ಮಾಡುತ್ತಾರಂತೆ. ಕಂಪನಿಯ ವಾದ ಕೇಳು: ಗೂಡಿನ ಫ್ಯಾನು ಸರಿಯಾಗಿದೆ, ಒಬ್ಬರೇ ಕೂರುವುದರಿಂದ ಯಾವ ತೊಂದರೆಯೂ ಇಲ್ಲ, ಗುಬ್ಬಿ ಸೋರುವುದಿಲ್ಲ, ಪತ್ರಿಕೆಗೆ ಕೊಟ್ಟ ಕಾರಿನ ರಬ್ಬರನ್ನು ಮಗಳೇ ಕಿತ್ತಿರಬಹುದು, ತಾಯಿಯ ಸೇಡಿಗೆ.

ಕಾರು ಇನ್ನೂ ನಿನ್ನ ಮನೆಯ ಕೆಳಗೇ ಇದೆ ತಾನೇ? ಅವರು ಒಯ್ಯಲು ಬಂದರೆ ಕೊಡಬೇಡ. ಯಾರ ಕೈಗೂ ಕೊಡಬೇಡ.

ಇಂತಿ,
ಅಮ್ಮ


ಮೇ ೨೯

ಅಮ್ಮ,

ನಿನ್ನೆ ಕಂಪನಿಯವರು ಬಂದಿದ್ದರು. ಬೀಗದ ಕೈ ಕೇಳಿದರು. ನಾನೇ ಕಾರ್ಖಾನೆಗೆ ತಂದು ಒಪ್ಪಿಸುತ್ತೇನೆ, ಅಧಿಕಾರಿಗಳ ಎದುರಿಗೆ, ಎಂದು ಬರೆದುಕೊಟ್ಟೆ. ಹೋದರು. ಹೋಗುವಾಗ ಒಬ್ಬ ಹುಡುಗ ಪಕ್ಕದ ಸೀಟಿನ ಮೇಲೆ ಕೈಯಾಡಿಸಿ, ಒದ್ದೆ ಎಂದು ಇನ್ನೊಬ್ಬನಿಗೆ ತೋರಿಸಿದ. ರಾತ್ರಿ ಮಳೆ ಬಂದಿತ್ತು.

ರಬ್ಬರು ಹಾಗೇ ಇದೆ. ಮುಟ್ಟಿಲ್ಲ.

ನನ್ನ ಬರಹದಿಂದ ಕತ್ತರಿಸಿದ ಭಾಗವನ್ನು ಅಧಿಕಾರಿಯ ಮುಂದೆ ನಾನೇ ಓದುತ್ತೇನೆ. ಸಂಪಾದಕರಿಗೆ ಹೇಳಿದೆ. "ರಜಾ ಕೊಡಲ್ಲ" ಎಂದರು. ಕೇಳಲಿಲ್ಲ, ಹೇಳಿದೆ ಅಷ್ಟೇ, ಎಂದೆ. ಬಹುಶಃ ಆ ಮೇಜೂ ಹೋಗುತ್ತದೆ. ಬಾಯಿ ಒಣಗಿತು, ಬೆರಳು ತಣ್ಣಗಾದವು. ಹೆದರಿಕೆ ಅಂದರೆ ಹೀಗಿರುತ್ತದೆ ಎಂದು ಮರೆತೇ ಹೋಗಿತ್ತು.

ಯಾವತ್ತು ಬರಲಿ? ಎಷ್ಟು ಹೊತ್ತಿಗೆ?

ಮಗಳು


ಜೂನ್ ೫

ಮಗಳೇ,

ಇವತ್ತು ಮೂವರನ್ನೂ ಎದುರುಬದುರು ಕೂರಿಸಿದರು: ಮ್ಯಾನೇಜರು, ಅಧಿಕಾರಿ, ನಾನು. ದಾರದಕ್ಕ ಕರೆಯದೆಯೇ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. ನೀವ್ಯಾರು ಎಂದರು ಅಧಿಕಾರಿ. "ಪಕ್ಕದೋಳು" ಎಂದಳು.

ಮ್ಯಾನೇಜರು ಬಹಳ ಮಾತಾಡಿದರು. ಫ್ಯಾನಿನ ಬಣ್ಣದ ಬಿಲ್ಲನ್ನೂ ತೋರಿಸಿದರು. ನನ್ನ ಸರದಿ ಬಂದಾಗ ನಾನು ಒಂದೇ ಕೇಳಿದೆ. ನನಗೆ ಕೆಲಸ ವಾಪಸ್ ಕೊಡಿ ಅನ್ನಲಿಲ್ಲ, ಅದನ್ನು ಆಮೇಲೆ ಕೇಳುತ್ತೇನೆ. "ಪತ್ರಿಕೆಯ ಗುಬ್ಬಿಯನ್ನ ಗೂಡಿಗೆ ಹಾಕಿ. ಬಾಗಿಲು ಮುಚ್ಚಿ, ನೀರು ಬಿಡಿ, ಎಂಜಿನ್ ಚಾಲೂ ಮಾಡಿ. ಸ್ಟೀರಿಂಗ್ ಕಡೆ ನಾನು ಕೂರ್ತೀನಿ. ಪಕ್ಕದ ಸೀಟಲ್ಲಿ ಮ್ಯಾನೇಜರ್ ಸಾಹೇಬ್ರು ಕೂರ್ಲಿ. ಅರ್ಧ ಪಾಳಿಯ ಕೆಲಸ, ಊಟದ ಹೊತ್ತಿನವರೆಗೆ. ಕಾರು ಸೋರಲ್ಲ, ಫ್ಯಾನು ಸರಿಯಿದೆ ಅಂತ ಅವರೇ ಹೇಳಿದ್ದಾರಲ್ಲ."

ಅಧಿಕಾರಿ ಕೇಳಿದರು, "ನೀವೂ ಒಳಗೇ ಇರ್ತೀರಾ ಅಮ್ಮ?"

"ನನಗೆ ರೂಢಿ ಇದೆ ಸಾರ್."

ಅಧಿಕಾರಿ ಮ್ಯಾನೇಜರ್ ಕಡೆ ತಿರುಗಿದರು. "ಫ್ಯಾನು ಸರಿಯಿದ್ರೆ ಕೂರೋಕೇನ್ರೀ ತೊಂದರೆ?"

"ತೊಂದರೆ ಏನಿಲ್ಲ... ಆ ವಾರ ನನಗೆ ಬೇರೆ ಬೇರೆ ಮೀಟಿಂಗಿದೆ."

"ಯಾವ ವಾರ? ನಾನಿನ್ನೂ ದಿನಾನೇ ಹೇಳಿಲ್ವಲ್ಲ" ಎಂದರು ಅಧಿಕಾರಿ.

ಗಡಿಯಾರ ಬಾಗಿಲ ಬಳಿ ನಿಂತಿದ್ದ. ಮಣಿಕಟ್ಟು ನೋಡಿಕೊಳ್ಳಲಿಲ್ಲ, ಮೇಲೆ ಫ್ಯಾನು ಇರುವ ದಿಕ್ಕಿಗೆ ನೋಡಿದ. ಮ್ಯಾನೇಜರು ನೀರು ಕುಡಿದರು. ಅಧಿಕಾರಿ ದಿನ ಬರೆದರು. ಅವರು ಕೂತರೆ ಇಡೀ ಕಾರ್ಖಾನೆ ನೋಡುತ್ತದೆ. ಕೂರದಿದ್ದರೆ, ಯಾಕೆ ಕೂರಲಿಲ್ಲ ಎಂದು ವಿಚಾರಣೆಯಲ್ಲಿ ಬರೆಯಬೇಕಾಗುತ್ತದೆ. ಈ ಸಲ ಕಾರಣವನ್ನು ಕತ್ತರಿಸಲು ಅಲ್ಲಿ ಸಂಪಾದಕರಿರುವುದಿಲ್ಲ.

ನೀನು ಗೂಡಿನ ಹೊರಗೆ, ಬಾಗಿಲಿನ ಸ್ವಿಚ್ಚಿನ ಹತ್ತಿರ ನಿಲ್ಲಬೇಕು. ಅದನ್ನು ಬೇರೆ ಯಾರಿಗೂ ವಹಿಸುವುದಿಲ್ಲ ಎಂದು ಅಧಿಕಾರಿಗೆ ಹೇಳಿದ್ದೇನೆ. ಒಪ್ಪಿದ್ದಾರೆ. ನಾನು ಒಳಗಿನಿಂದ ಕೈ ಎತ್ತಿದರೆ ತೆಗೆ. ಎತ್ತದಿದ್ದರೂ, ನಿನಗೆ ತಡವಾಯಿತು ಅನ್ನಿಸಿದರೆ ಯಾರನ್ನೂ ಕೇಳದೆ ತೆಗೆ.

ಟಾಪು ಮುಚ್ಚಿಕೊಂಡೇ ಓಡಿಸಿಕೊಂಡು ಬಾ. ನಿಧಾನವಾಗಿ ಬಾ.

ಜೂನ್ ೧೨, ಗುರುವಾರ. ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ಗೇಟು.

ಇಂತಿ,
ಅಮ್ಮ